ಎಡಗಡೆಯ ದೀಪದ ಬಳೆ

ಅಕ್ಬರಸಾಬ ಕಲಾಯಗಾರನಿಗೆ ಅರವತ್ತಮೂರು ವರ್ಷ. ಅದರಲ್ಲಿ ಐವತ್ತನ್ನು ತಗಡು ಬಡಿಯುವುದರಲ್ಲೇ ಸವೆಸಿದವನು. ಬೆಟಗೇರಿಯಲ್ಲಿ ಎರಡು ಮಗ್ಗದ ಶೆಡ್ಡುಗಳ ನಡುವೆ ಸಿಕ್ಕಿಕೊಂಡಂತೆ ಅವನ ಮನೆ. ಬೆಳಗಾದರೆ ಎಡಕ್ಕೂ ಖಟಖಟ, ಬಲಕ್ಕೂ ಖಟಖಟ. ಹೊಸದಾಗಿ ಬಂದವರು, ಇದರೊಳಗೆ ಹೇಗಪ್ಪಾ ಬದುಕುತ್ತೀರಿ ಎಂದು ತಲೆ ಹಿಡಿದುಕೊಳ್ಳುತ್ತಿದ್ದರು. ಅಕ್ಬರಸಾಬ ನಕ್ಕು ಸುಮ್ಮನಾಗುತ್ತಿದ್ದ. ಆ ಖಟಖಟ ಅವನಿಗೆ ಮೂರು ಓಣಿ ಆಚೆ ನಡೆದ ಹಾಗೆ ಕೇಳಿಸತೊಡಗಿ ಏಳೆಂಟು ವರ್ಷವಾಗಿತ್ತು. ಈ ಸಂಗತಿ ಹೆಂಡತಿ ಖೈರುನಬಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ತಗಡು ಬಡಿಯುವವನ ಕಿವಿ ಹೋಗುವುದು ದೊಡ್ಡ ಸುದ್ದಿಯೇನಲ್ಲ ಬಿಡಿ. ಅವನ ಅಪ್ಪನಿಗೂ ಹೋಗಿತ್ತು, ದೊಡ್ಡಪ್ಪನಿಗೂ ಹೋಗಿತ್ತು. ಆದರೆ ಅವರ ಕಾಲದಲ್ಲಿ ಮನೆ ತುಂಬ ಕಿವಿಗಳಿದ್ದವು. ಅಣ್ಣತಮ್ಮಂದಿರು ಸಾಲಾಗಿ ಕೂತು ಬಡಿಯುತ್ತಿದ್ದರು, ಒಬ್ಬನಿಗೆ ಕೇಳದ್ದು ಇನ್ನೊಬ್ಬನಿಗೆ ಕೇಳುತ್ತಿತ್ತು. ಈಗ ಆ ಕಸುಬಿನಲ್ಲಿ ಅಕ್ಬರಸಾಬ ಒಬ್ಬನೇ ಉಳಿದಿದ್ದ. ಎದುರಿಗೆ ನಿಂತು ಆಡಿದ ಮಾತು ತುಟಿ ನೋಡಿದರೆ ತಿಳಿಯುತ್ತಿತ್ತು, ಗಂಡಸರ ದಪ್ಪ ದನಿ ಅಷ್ಟಿಷ್ಟು ಕಿವಿಗೂ ಬೀಳುತ್ತಿತ್ತು. ಹೋದದ್ದು ಸಣ್ಣ ದನಿ. ಹಕ್ಕಿಯದು, ಕೈಬಳೆಯದು, ಲೋಹದ್ದು.

ಹಕ್ಕಿಯದು ಹೋದರೆ ಹೋಗಲಿ, ಲೋಹದ್ದು ಹೋದದ್ದೇ ಪೀಕಲಾಟ. ಕಲಾಯಗಾರರ ಮನೆತನದ ಕಸುಬು ನಿಂತದ್ದೇ ಕಿವಿಯ ಮೇಲೆ. ಹಿಂದೆ ಅವರು ಊರೂರು ತಿರುಗಿ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮೊಹರಂ ಬಂತೆಂದರೆ ಅಸುಂಡಿ, ಹಿರೇಹಂದಿಗೋಳ, ಹಮ್ಮಿಗಿ ಕಡೆಯಿಂದ ದೇವರ ಪಂಜಾಗಳು, ಅಂದರೆ ಮೆರವಣಿಗೆಯಲ್ಲಿ ಹಿಡಿಯುವ ಲೋಹದ ಹಸ್ತಗಳು, ದುರಸ್ತಿಗೆ ಬರುತ್ತಿದ್ದವು. ಪಾತ್ರೆಯಿರಲಿ ಪಂಜಾ ಇರಲಿ, ಬೆಂಕಿಗೆ ಹಿಡಿಯುವ ಮೊದಲು ಸಣ್ಣ ಸುತ್ತಿಗೆಯಿಂದ ಬಡಿದು ಕೇಳಬೇಕು. ಅದು ಅಪ್ಪನ ಕಟ್ಟಪ್ಪಣೆ. ಹಿತ್ತಾಳೆ ಟಣ್ ಎಂದು ಉದ್ದಕ್ಕೆ ಎಳೆಯುತ್ತದೆ. ತಾಮ್ರ ಗಂಟಲು ಕಟ್ಟಿದವರ ಹಾಗೆ ನುಡಿಯುತ್ತದೆ. ಜಸ್ತ, ಅಂದರೆ ಸತು, ಟಕ್ ಎಂದು ಅಲ್ಲೇ ಸತ್ತು ಬೀಳುತ್ತದೆ. ಮೈಗೆ ಯಾವ ಬಣ್ಣ ಬೇಕಾದರೂ ಬಳಿಯಬಹುದು, ದನಿಗೆ ಬಳಿಯಲಿಕ್ಕಾಗದು ಎಂದು ಅಪ್ಪ ಹೇಳುತ್ತಿದ್ದ.

ಸ್ಟೀಲು ಬಂತು, ಕಲಾಯಿ ಮುಳುಗಿತು. ಪಂಜಾ ವರ್ಷಕ್ಕೊಂದು ತಿಂಗಳ ಕೆಲಸ, ಉಳಿದ ಹನ್ನೊಂದು ತಿಂಗಳು ಹೊಟ್ಟೆ ಕೇಳಬೇಕಲ್ಲ. ಅಂಥ ಹೊತ್ತಿನಲ್ಲಿ ಮುಳಗುಂದ ನಾಕಾದ ಹತ್ತಿರ ಗ್ಯಾರೇಜು ಇಟ್ಟಿದ್ದ ಗೆಳೆಯ ಯಂಕಪ್ಪ ಒಂದು ದಿನ ಹಳೆಯ ಕಾರಿನ ಬಾನೆಟ್ಟಿನ ಮೇಲೆ ಕೂರುವ ಉದ್ದನೆಯ ಪಟ್ಟಿ ತಂದು ಮುಂದಿಟ್ಟ. ಮುರಿದು ಎರಡಾಗಿತ್ತು. ಇಂಥದ್ದು ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ, ದೇವರ ಪಂಜಾ ಮಾಡುವವನಿಗೆ ಇದೇನು ಮಹಾ, ಮಾಡಿಕೊಡು ಎಂದ. ಅಕ್ಬರಸಾಬ ಮಾಡಿಕೊಟ್ಟ. ಹುಬ್ಬಳ್ಳಿಗೆ ಒಯ್ದು ಕ್ರೋಮ್ ಪಾಲಿಶ್ ಹಾಕಿಸಿ ಕೂಡಿಸಿದರೆ, ಕಾರಿನ ಮಾಲೀಕನಿಗೇ ಇದು ಹೊಸದೆಂದು ತಿಳಿಯಲಿಲ್ಲವಂತೆ. ಅಲ್ಲಿಂದ ಹನ್ನೆರಡು ವರ್ಷ ಇದೇ ಕೆಲಸ. ಬಾಗಿಲ ಹಿಡಿಕೆ, ಚಕ್ರದ ಮುಚ್ಚಳ, ಹೆಡ್‌ಲೈಟಿನ ಅಂಚು, ಹೆಸರಿನ ಅಕ್ಷರ, ಒಟ್ಟಿನಲ್ಲಿ ಹಳೆಯ ಕಾರುಗಳ ಮೈಮೇಲಿನ ಒಡವೆ. ಕೊಲ್ಲಾಪುರ, ಪುಣೆಯಿಂದೆಲ್ಲ ಯಂಕಪ್ಪನ ಗ್ಯಾರೇಜಿಗೆ ಪಾರ್ಸೆಲ್ಲು ಬರುತ್ತಿದ್ದವು. ಅಕ್ಬರಸಾಬ ಮಾತ್ರ ತನ್ನ ಜನ್ಮದಲ್ಲಿ ಕಾರು ಹತ್ತಿದ್ದು ನಾಲ್ಕೇ ಸಲ, ಅದರಲ್ಲಿ ಎರಡು ಸಲ ಆಸ್ಪತ್ರೆಗೆ.

ಕಿವಿ ಮಂದವಾದ ಮೇಲೆ ಖೈರುನಬಿ ಒಂದು ದಾರಿ ಹುಡುಕಿದಳು. ಗಿರಾಕಿ ಬಂದು ಸಾಮಾನು ಮುಂದಿಟ್ಟಾಗ ಅವಳು ಗಿರಾಕಿಯ ಬೆನ್ನ ಹಿಂದೆ, ಅಡಿಗೆ ಖೋಲಿಯ ಬಾಗಿಲಲ್ಲಿ ಬಂದು ನಿಲ್ಲುವಳು. ಅಕ್ಬರಸಾಬ ಸುತ್ತಿಗೆಯಿಂದ ಒಂದು ಏಟು ಹಾಕಿ, ಕಣ್ಣು ಅರೆಮುಚ್ಚಿ, ದೊಡ್ಡ ಉಸ್ತಾದನ ಹಾಗೆ ತಲೆ ವಾಲಿಸುವನು. ಹಿತ್ತಾಳೆಯಾದರೆ ಖೈರುನಬಿ ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಳ್ಳುವಳು. ಜಸ್ತವಾದರೆ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಳ್ಳುವಳು. ಗಿರಾಕಿಗೆ ಕಾಣುವುದು ಉಸ್ತಾದನ ಮುಖ ಮಾತ್ರ. ಏನು ಕಿವಿಯಪ್ಪಾ ಈ ಮನುಷ್ಯನದು ಎಂದು ಬೆರಗಾಗಿ ಹೋಗುವನು.

ಮೊದಮೊದಲು ಅದೊಂದು ಆಟದಂತಿತ್ತು. ಗಿರಾಕಿ ಹೋದ ಮೇಲೆ ಗಂಡಹೆಂಡಿರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಬರಬರುತ್ತ ನಗು ನಿಂತು ದಣಿವು ಉಳಿಯಿತು. ಕೇಳಿಸದ್ದನ್ನು ಕೇಳಿಸಿದ ಹಾಗೆ ಮುಖ ಮಾಡುವುದಿದೆಯಲ್ಲ, ಅದು ತಗಡು ಬಡಿಯುವುದಕ್ಕಿಂತ ಭಾರದ ಕೆಲಸ. ಸಂಜೆಗೆ ಅವನ ತೋಳಿಗಿಂತ ಮುಖವೇ ಹೆಚ್ಚು ನೋಯುತ್ತಿತ್ತು. ಇಷ್ಟು ಒದ್ದಾಡುವ ಬದಲು ಹೇಳಿಬಿಡಬಾರದಿತ್ತೇ ಎಂದು ನೀವು ಕೇಳಬಹುದು. ಕಣ್ಣಿಲ್ಲದ ಅಕ್ಕಸಾಲಿಗನ ಕೈಗೆ ನಿಮ್ಮ ಬಂಗಾರ ಕೊಡುತ್ತೀರಾ, ಮೊದಲು ಅದನ್ನು ಹೇಳಿ.

ಹೋದ ಮಾಗಿಯಲ್ಲಿ ವಿಶಾಲ ಬಂದ. ಗದಗಿನಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನು ಇಟ್ಟಿದ್ದ ಮನೆತನದವನು, ನಲವತ್ತರ ಆಸುಪಾಸು. ಅವನ ಅಜ್ಜ ಕೊಂಡಿದ್ದ ವಿಲಾಯತಿ ಕಾರೊಂದು ಜಿನ್ನಿನ ಗೋದಾಮಿನಲ್ಲಿ ಹತ್ತಿ ಅಂಡಿಗೆಗಳ ಹಿಂದೆ ಐವತ್ತು ವರ್ಷ ಮಲಗಿತ್ತು. ಅದನ್ನು ಎಬ್ಬಿಸುವ ಹುಚ್ಚು ಹತ್ತಿ ಅವನಿಗೆ ನಾಲ್ಕು ವರ್ಷ. ‘ಒರಿಜಿನಲ್’ ಎಂಬ ಶಬ್ದ ಅವನ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತಿತ್ತು. ನಟ್ಟು ಒರಿಜಿನಲ್ ಇರಬೇಕು, ಬೋಲ್ಟು ಒರಿಜಿನಲ್ ಇರಬೇಕು, ಸೀಟಿನೊಳಗಿನ ತೆಂಗಿನ ನಾರೂ ಒರಿಜಿನಲ್ ಇರಬೇಕು. ಆ ಕಾರಿನ ಬಾನೆಟ್ಟಿನ ಪಟ್ಟಿಯನ್ನೂ ಒಂದು ಹಿಡಿಕೆಯನ್ನೂ ಅಕ್ಬರಸಾಬ ಮೊದಲೇ ಸರಿಮಾಡಿಕೊಟ್ಟಿದ್ದ. ಎರಡೂ ಗಟ್ಟಿ ಹಿತ್ತಾಳೆ.

ಈ ಸಲ ಅವನು ತಂದದ್ದು ಹಿಂದಿನ ದೀಪದ ಸುತ್ತ ಕೂರುವ ಹೊಳೆಯುವ ಬಳೆ. ಅಂಗೈಗಿಂತ ದೊಡ್ಡದು, ವೀಳ್ಯದೆಲೆಯ ಆಕಾರ, ತುದಿ ಮಾತ್ರ ಹೊರಗಡೆಗೆ ಸ್ವಲ್ಪ ಬಾಗಿದ್ದು. ಎಡಗಡೆಯ ದೀಪದ್ದು ಇದೊಂದು ಉಳಿದಿತ್ತು. ಬಲಗಡೆಯದು ಯಾವ ಕಾಲದಲ್ಲೋ ಕಳೆದುಹೋಗಿ, ಮುಂಬಯಿಯ ಗುಜರಿಯಿಂದ ಹಿಡಿದು ವಿಲಾಯತಿಯವರೆಗೆ ಹುಡುಕಿದರೂ ಸಿಕ್ಕಿರಲಿಲ್ಲ. ಎಡದ್ದನ್ನು ನೋಡಿ, ಕನ್ನಡಿಯೊಳಗೆ ಕಂಡ ಹಾಗೆ ಬಾಗು ತಿರುಗಿಸಿ, ಬಲದ್ದನ್ನು ಮಾಡಬೇಕು. ಎಡದ್ದರ ಕೆಳಗಡೆ ಒಂದು ನೆಗ್ಗು ಬಿದ್ದಿತ್ತು, ಅದನ್ನೂ ಎತ್ತಬೇಕು. ಬೇಸಿಗೆಯಲ್ಲಿ ಹಳೆಯ ಕಾರುಗಳ ಪ್ರದರ್ಶನವಿದೆ, ಅಷ್ಟರೊಳಗೆ ಆಗಬೇಕು.

“ಚಾಚಾ, ಇಂಥಾದ್ದು ಇಡೀ ದೇಶದಾಗ ಇದೊಂದ ಉಳದೈತಿ,” ಎಂದ ವಿಶಾಲ. “ಕೂಸಿನ್ನ ಕೈಯಾಗ ಕೊಟ್ಟಂಗ ಕೊಡಾಕತ್ತೇನಿ.”

ಆ ದಿನ ಖೈರುನಬಿ ಮನೆಯಲ್ಲಿರಲಿಲ್ಲ. ಮಗಳು ಅಮೀರಾಳ ಎರಡನೆಯ ಹೆರಿಗೆಗೆಂದು ಲಕ್ಷ್ಮೇಶ್ವರಕ್ಕೆ ಹೋಗಿ ವಾರವಾಗಿತ್ತು. ಎದುರಿಗೆ ವಿಶಾಲ, ಪಕ್ಕದಲ್ಲಿ ಯಂಕಪ್ಪ, ಅಡಿಗೆ ಖೋಲಿಯ ಬಾಗಿಲು ಖಾಲಿ. ನಾಳೆ ನೋಡಿ ಹೇಳುತ್ತೇನೆ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಏಳು ವರ್ಷದ ರೂಢಿ, ಕೈ ಸುತ್ತಿಗೆಯ ಕಡೆಗೆ ತಾನೇ ಹೋಯಿತು. ಬಡಿದ. ಕಣ್ಣು ಅರೆಮುಚ್ಚಿದ. ಟಣ್ ಎಂದಿತು.

ಖರೆ ಹೇಳಬೇಕೆಂದರೆ ಅವನಿಗೆ ಕೇಳಿಸಿತು. ಐವತ್ತು ವರ್ಷ ಕೇಳಿದ ದನಿ ಮನಸ್ಸಿನಲ್ಲೇ ಗೂಡು ಕಟ್ಟಿಕೊಂಡಿರುತ್ತದೆ, ಕರೆದರೆ ಬಂದು ನುಡಿಯುತ್ತದೆ. ಅದರ ಮೇಲೆ ಕಣ್ಣೂ ಕೈಕೊಟ್ಟಿತು. ಬಳೆಯ ಅಂಚಿನಲ್ಲಿ ಕ್ರೋಮ್ ಎದ್ದಿದ್ದ ಕಡೆ ಕೆಂಪು ಹಳದಿ ಇಣುಕುತ್ತಿತ್ತು. ಹಿಂದಿನವರು ಜಸ್ತದ ಮೇಲೆ ಮೊದಲು ತೆಳ್ಳಗೆ ತಾಮ್ರ ಏರಿಸಿ ಆಮೇಲೆ ಹೊಳಪು ಹಾಕುತ್ತಿದ್ದರೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದದ್ದು ಆ ಗಳಿಗೆಯಲ್ಲಿ ನೆನಪಾಗಲಿಲ್ಲ, ಅಷ್ಟೆ.

“ಹಿತ್ತಾಳಿ. ಅಸಲ ಹಿತ್ತಾಳಿ,” ಎಂದ.

ಮೂರನೆಯ ದಿನ ನಳದಲ್ಲಿ ನೀರು ಬಂತು. ಬೆಟಗೇರಿಯಲ್ಲಿ ನೀರು ಬರುವ ದಿನವೆಂದರೆ ಹಬ್ಬವೂ ಹೌದು, ಜಗಳವೂ ಹೌದು. ಒಂಬತ್ತು ದಿನದ ಮೇಲೆ ಬಂದ ನೀರು, ಮನೆಯಲ್ಲಿ ಹೆಂಗಸಿಲ್ಲ. ಬೆಳಗಿನಿಂದ ಇಪ್ಪತ್ತು ಕೊಡ ಹೊತ್ತು ಹಾಕಿ, ತಣ್ಣಗಿನ ರೊಟ್ಟಿ ತಿಂದು, ಅಕ್ಬರಸಾಬ ಕೆಲಸಕ್ಕೆ ಕೂತ. ಮೊದಲು ಬಳೆಯನ್ನು ಕಾಗದದ ಮೇಲಿಟ್ಟು ಸುತ್ತ ಸೀಸದ ಕಡ್ಡಿಯಿಂದ ಗೆರೆ ಎಳೆದುಕೊಂಡ. ಆಮೇಲೆ ನೆಗ್ಗು ಎತ್ತಲು ಲೋಹ ಮೆತ್ತಗಾಗಲೆಂದು ಗ್ಯಾಸಿನ ಉರಿ ಹಿಡಿದ. ಹಿತ್ತಾಳೆಯಾದರೆ ನಿಧಾನವಾಗಿ ಕಂದುಗೆಂಪಾಗಬೇಕು. ಇದು ಕೆಂಪಾಗಲಿಲ್ಲ. ಮೇಲಿನ ಹೊಳಪು ಹಪ್ಪಳದ ಹಾಗೆ ಉಬ್ಬಿತು. ಅವನು ಏನಿದು ಎಂದು ಬಗ್ಗುವಷ್ಟರಲ್ಲಿ ಎಲೆಯ ತುದಿ ಜೋತುಬಿತ್ತು, ನಡು ಕುಸಿಯಿತು, ಬೂದು ಬಣ್ಣದ ಹನಿಗಳು ಟಪಟಪ ಇಟ್ಟಂಗಿಯ ಮೇಲೆ ಬಿದ್ದವು. ಉರಿ ಆರಿಸುವಷ್ಟರಲ್ಲಿ ದೇಶದಲ್ಲಿ ಉಳಿದಿದ್ದ ಒಂದೇ ಒಂದು ಬಳೆ ಮುದ್ದೆಯಾಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಇಲ್ಲಿ ನಿಮಿಷವೂ ಹಿಡಿಯಲಿಲ್ಲ.

ಅಕ್ಬರಸಾಬ ಅದರ ಮುಂದೆ ಮಧ್ಯಾಹ್ನದವರೆಗೆ ಕೂತಿದ್ದ. ಅಳು ಬರಲಿಲ್ಲ. ಎದ್ದು ಪೆಟ್ಟಿಗೆಯಿಂದ ಹಸಿರು ಅರಿವೆ ತೆಗೆದು ಮುದ್ದೆಯನ್ನು ಅದರಲ್ಲಿ ಸುತ್ತಿಟ್ಟ. ಮುರಿದ ಪಂಜಾದ ಚೂರನ್ನು ಕಲಾಯಗಾರರು ಗುಜರಿಗೆ ಹಾಕುವುದಿಲ್ಲ. ಹಾಗೆ ಸುತ್ತಿಟ್ಟು, ಊರವರು ಬಂದಾಗ ಅವರ ಕೈಗೇ ಕೊಡುತ್ತಾರೆ, ಅವರು ಒಯ್ದು ಹಮ್ಮಿಗಿಯಲ್ಲಿ ಹೊಳೆಗೆ ಬಿಡುತ್ತಾರೆ. ಇದು ಪಂಜಾ ಅಲ್ಲ, ಕಾರಿನ ಸಾಮಾನು. ಆದರೂ ಕೈಗೆ ಬೇರೆ ರೀತಿ ಗೊತ್ತಿರಲಿಲ್ಲ.

ನಾಲ್ಕು ದಿನದ ಮೇಲೆ ಖೈರುನಬಿ ಬಂದಳು. ಗಂಡನ ಮುಖ ನೋಡಿದಳು, ಹಸಿರು ಅರಿವೆ ಬಿಚ್ಚಿ ನೋಡಿದಳು, ಎದುರಿಗೆ ಬಂದು ಕೂತಳು. ಅವನ ಜೊತೆ ಅವಳು ಮಾತಾಡುವುದೇ ಹಾಗೆ, ಎದುರಿಗೆ ಕೂತು, ದನಿ ಇಲ್ಲದೆ ತುಟಿಯಲ್ಲಿ. ನೆರೆಯವರಿಗೆ ಗುಟ್ಟು ತಿಳಿಯಬಾರದಲ್ಲ.

“ಬಡದು ಕೇಳಿರಲಿಲ್ಲೇನ್ರಿ?”

“ಕೇಳಿದೆ.”

“ಮತ್ತ?”

“ಕೇಳಿಸ್ತು, ಖೈರೂ.”

ಅದನ್ನು ಕೇಳಿ ಅವಳು ಅತ್ತಳು. ಬಳೆ ಕರಗಿದ್ದಕ್ಕಲ್ಲ. ಈ ಮನುಷ್ಯನನ್ನು ಇನ್ನು ಒಂದು ಗಳಿಗೆಯೂ ಬಿಟ್ಟು ಹೋಗುವ ಹಾಗಿಲ್ಲ, ಮೊಮ್ಮಗನನ್ನು ನೋಡಲಿಕ್ಕೂ ಹೋಗುವ ಹಾಗಿಲ್ಲ ಎಂದು ಅತ್ತಳು.

ಯಂಕಪ್ಪನಿಗೆ ಹೇಳದೆ ಗತಿಯಿರಲಿಲ್ಲ. ಬಳೆಯ ಜೊತೆ ಕಿವಿಯ ಸಂಗತಿಯೂ ಹೇಳಬೇಕಾಯಿತು. ಅವನು ಮೊದಲು ನಂಬಲಿಲ್ಲ. ನಂಬಿದ ಮೇಲೆ ಕೆಂಡವಾದ. ಹುಡುಗತನದಿಂದ ಜೊತೆಗಿದ್ದವನು, ಒಂದೇ ತಟ್ಟೆಯಲ್ಲಿ ಮಿರ್ಚಿ ತಿಂದವನು, ತನ್ನ ಮುಂದೆಯೂ ಏಳು ವರ್ಷ ನಾಟಕ ಮಾಡಿದನಲ್ಲ ಎಂಬುದೇ ಅವನ ಸಂಕಟ. ಬಾಯಿಗೆ ಬಂದಂತೆ ಬೈದ. ಬೈಗುಳ ಮುಗಿದ ಮೇಲೆ ಗ್ಯಾರೇಜಿನ ಬುದ್ಧಿ ಓಡಿಸಿದ. ಬಲದ್ದನ್ನು ಹೇ‍ಗೂ ಹೊಸದಾಗಿ ಮಾಡಬೇಕು, ಎಡದ್ದನ್ನೂ ಹೊಸದಾಗಿ ಮಾಡು. ಪಾಲಿಶ್ ಹಾಕಿದ ಮೇಲೆ ದೇವರಿಗೂ ಗೊತ್ತಾಗುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕಿವಿಯ ಸುದ್ದಿ ಹೊರಬಿತ್ತೋ, ಪುಣೆಯವರು ನಿನ್ನ ಕೈಗೆ ಒಂದು ತಿರುಪೂ ಕೊಡುವುದಿಲ್ಲ.

“ಇಷ್ಟ ವರ್ಷ ಮಾಡೀದಿ, ಇನ್ನೊಂದ ಸಲ ಮಾಡು,” ಎಂದ. ಖೈರುನಬಿಯೂ ಹೌದೆಂದು ತಲೆಯಾಡಿಸಿದಳು.

ಮಾದರಿಯಿಲ್ಲದೆ ಮಾಡುವ ಕೆಲಸ ಅದು. ಇದ್ದದ್ದು ಕಾಗದದ ಮೇಲಿನ ಒಂದು ಗೆರೆ. ಅಗಲ ತಿಳಿಯುತ್ತಿತ್ತು, ಉಬ್ಬು ತಗ್ಗು ತಿಳಿಯುತ್ತಿರಲಿಲ್ಲ. ಅಳತೆ ತೆಗೆಯಬೇಕೆಂದು ನೆಪ ಹೇಳಿ ಅಕ್ಬರಸಾಬ ಮೂರು ದಿನ ಜಿನ್ನಿನ ಗೋದಾಮಿಗೆ ಹೋಗಿ ಕಾರಿನ ಹಿಂಭಾಗದ ಮುಂದೆ ನೆಲಕ್ಕೆ ಕೂತ. ಹಳೆಯ ಬಳೆ ಕೂತಿದ್ದ ಜಾಗದಲ್ಲಿ ಬಣ್ಣ ಮಾಸದೆ ಅದರ ನೆರಳು ಉಳಿದಿತ್ತು. ಸುತ್ತ ಒಣಗಿ ಸೀಳಿದ ರಬ್ಬರು ಇತ್ತು. ಅದರ ಮೇಲೆ ಬೆರಳಾಡಿಸಿ, ತಾನು ಎರಡು ದಿನ ಕೈಯಲ್ಲಿ ಹಿಡಿದಿದ್ದ ಬಳೆಯ ಮೈಯನ್ನು ನೆನಪಿಗೆ ತಂದುಕೊಂಡ. ವಿಶಾಲ ನಡುನಡುವೆ ಬಂದು ಚಹ ಕೊಟ್ಟು, ಒರಿಜಿನಲ್ ಜೋಪಾನ ಇದೆಯಲ್ಲ ಚಾಚಾ ಎಂದು ಕೇಳಿ ಹೋಗುತ್ತಿದ್ದ. ಇದೆ ಎನ್ನುತ್ತಿದ್ದ ಅಕ್ಬರಸಾಬ.

ಮನೆಗೆ ಬಂದು ಹಿತ್ತಾಳೆ ತಗಡು ಕತ್ತರಿಸಿ, ಕಾಯಿಸಿ, ರಾಳದ ಹಾಸಿನ ಮೇಲಿಟ್ಟು ಬಡಿದ. ಕೂಡಲಿಲ್ಲ. ಇನ್ನೊಂದು ಬಡಿದ, ಅದೂ ಕೂಡಲಿಲ್ಲ. ಐದನೆಯದು ಕಾಗದದ ಗೆರೆಗೂ ಬೆರಳಿನ ನೆನಪಿಗೂ ಸರಿಯಾಗಿ ಎಡಕ್ಕೆ ಕೂತಿತು. ಕಾಗದ ಮಗುಚಿ ಹಾಕಿ ಬಲದ್ದು ಬಡಿದ, ಮೂರನೆಯದು ಕೂತಿತು. ಇಪ್ಪತ್ತೊಂದು ದಿನ. ಭುಜ ಹಿಡಿದುಕೊಂಡಿತ್ತು, ಕಣ್ಣಿಗೆ ನೀರು ಬರುತ್ತಿತ್ತು. ಖೈರುನಬಿ ಎಣ್ಣೆ ಕಾಯಿಸಿ ಬೆನ್ನಿಗೆ ಹಚ್ಚುತ್ತಿದ್ದಳು. ಇಷ್ಟು ಚೆನ್ನಾಗಿ ಅವನು ಯಾವ ಪಂಜಾವನ್ನೂ ಮಾಡಿರಲಿಲ್ಲ. ಹುಬ್ಬಳ್ಳಿಯಿಂದ ಹೊಳಪು ಹತ್ತಿಸಿಕೊಂಡು ಬಂದ ಮೇಲೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ. ಹೆಮ್ಮೆ ಬರಬೇಕಿತ್ತು, ಬರಲಿಲ್ಲ. ಜೀವಮಾನದ ಒಳ್ಳೆಯ ಕೆಲಸ ಇದು, ಇದರ ಅರ್ಧವನ್ನು ತನ್ನದೆಂದು ಹೇಳುವ ಹಾಗಿರಲಿಲ್ಲ.

ಬಳೆ ಕೂಡಿಸುವ ದಿನ ಯಂಕಪ್ಪ ಅವನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಗೋದಾಮಿಗೆ ಒಯ್ದ. ಹೊರಡುವಾಗ ಅಕ್ಬರಸಾಬ ಹಸಿರು ಅರಿವೆಯ ಗಂಟನ್ನು ಅಂಗಿಯ ಬಗಲ ಕಿಸೆಗೆ ಹಾಕಿಕೊಂಡ. ಯಾಕೆ ಹಾಕಿಕೊಂಡನೋ ಅವನಿಗೂ ಗೊತ್ತಿರಲಿಲ್ಲ.

ಯಂಕಪ್ಪ ತಿರುಪು ಬಿಗಿದ. ಎರಡೂ ಕೂತವು, ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ. ವಿಶಾಲ ಕಾರಿನ ಹಿಂದೆ ಮಂಡಿಯೂರಿ ಕೂತು ಒಮ್ಮೆ ಎಡಕ್ಕೆ ನೋಡಿದ, ಒಮ್ಮೆ ಬಲಕ್ಕೆ ನೋಡಿದ. ಅವನ ಕಣ್ಣು ತುಂಬಿ ಬಂದವು, ಅದನ್ನು ಮುಚ್ಚಿಕೊಳ್ಳಲೂ ಇಲ್ಲ. ಆಮೇಲೆ ಉಸ್ತಾದನಿಂದ ಕಲಿತವನ ಹಾಗೆ ಕಿಸೆಯಿಂದ ಕೀಲಿಕೈ ತೆಗೆದು ಎಡಗಡೆಯ ಬಳೆಗೆ ಮೆಲ್ಲಗೆ ಬಡಿದ. ಹುಬ್ಬು ಗಂಟಿಕ್ಕಿದ. ಇನ್ನೊಮ್ಮೆ ಬಡಿದ.

“ಅವತ್ತ ನೀವು ಬಡದಾಗ ಇದು ಟಕ್ ಅಂದಿತ್ತಲ್ಲ ಚಾಚಾ. ಈಗ ಟಣ್ ಅಂತೈತಿ.”

ಉತ್ತರ ಕೊಟ್ಟವನು ಯಂಕಪ್ಪ. ನೆಗ್ಗು ಎತ್ತಿದ್ದೇವಲ್ಲ ಸಾವಕಾರರೇ, ಹೊಸ ಪಾಲಿಶ್ ಬೇರೆ ಏರಿದೆ, ಕಟ್ಟಿಕೊಂಡಿದ್ದ ದನಿ ಬಿಚ್ಚಿಕೊಂಡಿದೆ ಎಂದು ಸಲೀಸಾಗಿ ಹೇಳಿದ. ಗ್ಯಾರೇಜಿನವನ ಬಾಯಿ, ಕೇಳಬೇಕೆ. ವಿಶಾಲ ಹೌದೌದು ಎಂದು ನಂಬಿಬಿಟ್ಟ. ಗಂಡಾಂತರ ಕಳೆಯಿತು. ಯಂಕಪ್ಪ ಸ್ಪಾನರು ಒರೆಸಿ ಚೀಲಕ್ಕೆ ಹಾಕತೊಡಗಿದ.

ವಿಶಾಲನಿಗೆ ಖುಷಿ ತಡೆಯಲಾಗಲಿಲ್ಲ. ಅಕ್ಬರಸಾಬನ ಮುಂದೆ ನಿಂತು, ಕೈ ಚಾಚಿ ಮತ್ತೊಮ್ಮೆ ಬಡಿದ.

“ಕೇಳ್ರಿ ಚಾಚಾ. ಎಷ್ಟ ಛಂದ ಐತಿ ದನಿ.”

ಅಕ್ಬರಸಾಬನ ಕಣ್ಣು ಅರೆಮುಚ್ಚಿದವು, ತಲೆ ಒಂದು ಕಡೆ ವಾಲಿತು. ಎಲ್ಲ ತಾನಾಗಿಯೇ ಆಯಿತು. ಅರೆಮುಚ್ಚಿದ ಕಣ್ಣು ವಿಶಾಲನ ಹೆಗಲ ಆಚೆ, ಅವನ ಬೆನ್ನ ಹಿಂದೆ ಸೆರಗು ಹುಡುಕಿದವು. ಅಲ್ಲಿ ಹತ್ತಿ ಅಂಡಿಗೆಗಳಿದ್ದವು, ಗೋಡೆಯಿತ್ತು. ಯಾರೂ ಇರಲಿಲ್ಲ. ಏಳು ವರ್ಷ ಹಿಡಿದಿಟ್ಟ ಮುಖ ಇನ್ನು ಹಿಡಿಯಲಾರೆ ಎಂದಿತು.

“ನನಗ ಕೇಳಂಗಿಲ್ರಿ, ಸಾವಕಾರ್ರ.”

ವಿಶಾಲ ನಕ್ಕು ಇನ್ನಷ್ಟು ಜೋರಾಗಿ ಬಡಿದ.

“ಹಂಗಲ್ರಿ. ನನಗ ಕಿವಿನ ಇಲ್ಲ. ಅವತ್ತೂ ಕೇಳಿರಲಿಲ್ಲ.”

ಯಂಕಪ್ಪ ತೋಳು ಹಿಡಿದು ಜಗ್ಗಿದ. ಅಕ್ಬರಸಾಬ ಬಿಡಿಸಿಕೊಂಡ. ಒಂದೂ ಬಿಡದೆ ಹೇಳಿದ. ಖೈರುನಬಿ ಬಾಗಿಲಲ್ಲಿ ನಿಲ್ಲುತ್ತಿದ್ದದ್ದು, ಅವತ್ತು ಅವಳು ಇಲ್ಲದ್ದು, ಉರಿ ಹಿಡಿದದ್ದು, ಎರಡೂ ಬಳೆ ತಾನು ಮಾಡಿದ್ದು. ಹೇಳಿ ಮುಗಿಸಿ ಕಿಸೆಯಿಂದ ಹಸಿರು ಗಂಟು ತೆಗೆದು ಎರಡೂ ಕೈಯಿಂದ ಮುಂದೆ ಹಿಡಿದ.

ವಿಶಾಲ ಗಂಟು ಬಿಚ್ಚಿ ನೋಡಿದ. ಬೂದು ಮುದ್ದೆ, ಅದರ ಮೈಗೆ ಅಲ್ಲಲ್ಲಿ ಅಂಟಿದ ಹೊಳಪಿನ ಸಿಪ್ಪೆ. ಒಂದು ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

“ನೀವು ಸುಮ್ಮ ಇದ್ದಿದ್ರ ನನಗ ಗೊತ್ತಾಗ್ತಿರಲಿಲ್ಲ.”

“ಹೌದ್ರಿ.”

“ಮತ್ತ ಯಾಕ ಹೇಳಿದ್ರಿ?”

ದೊಡ್ಡ ಉತ್ತರ ಕೊಡಬಹುದಿತ್ತು. ಈಮಾನಿನ ಮಾತು, ಅಪ್ಪನ ಮಾತು, ಏನಾದರೂ ಹೇಳಬಹುದಿತ್ತು. ಅಕ್ಬರಸಾಬನಿಗೆ ಅವು ಯಾವುವೂ ಹೊಳೆಯಲಿಲ್ಲ.

“ದಣದೇನ್ರಿ,” ಎಂದ.

ವಿಶಾಲ ಮುದ್ದೆಯನ್ನು ಮತ್ತೆ ಅರಿವೆಯಲ್ಲಿ ಸುತ್ತಿ ತನ್ನ ಹತ್ತಿರವೇ ಇಟ್ಟುಕೊಂಡ. ಬಳೆ ಬಿಚ್ಚು ಎನ್ನಲಿಲ್ಲ, ಇರಲಿ ಎನ್ನಲೂ ಇಲ್ಲ. ಹೋಗಿ ಬನ್ನಿ ಎಂದು ಬೆನ್ನು ತಿರುಗಿಸಿದ. ಯಂಕಪ್ಪ ಬೈಕನ್ನು ಒಂದೇ ಓಟಕ್ಕೆ ಬೆಟಗೇರಿಗೆ ಓಡಿಸಿದ. ಮನೆಯ ಮುಂದೆ ಇಳಿಸಿ, ತಿರುಗಿಯೂ ನೋಡದೆ ಹೋದ.

ಎಲ್ಲ ಹೇಳಿಬಂದೆ ಎಂದು ಅಕ್ಬರಸಾಬ ಹೆಂಡತಿಗೆ ಹೇಳಿದ. ನನ್ನ ಹೆಸರೂ ಹೇಳಿದಿರಾ ಎಂದು ಅವಳು ಕೇಳಿದಳು. ಹೇಳಿದೆ ಎಂದ. ಅವಳು ಒಲೆಯ ಮುಂದೆ ಹೋಗಿ ಕೂತಳು, ಆ ದಿನ ಅನ್ನಕ್ಕೆ ಇಟ್ಟ ನೀರು ಕುದಿದು ಕುದಿದು ಆರಿತು.

ಮುಂದೆ ಆದದ್ದು ಯಂಕಪ್ಪ ಹೇಳಿದಂತೆಯೇ. ಸುದ್ದಿ ಗದಗಿನಿಂದ ಹುಬ್ಬಳ್ಳಿಗೆ, ಹುಬ್ಬಳ್ಳಿಯಿಂದ ಕೊಲ್ಲಾಪುರಕ್ಕೆ ಹೋಯಿತು. ಪಾರ್ಸೆಲ್ಲು ನಿಂತವು. ಓಣಿಯಲ್ಲಿ ಕೆಲವರು ಬೇಕೆಂದೇ ಕೈಸನ್ನೆ ಮಾಡಿ ಮಾತಾಡಿಸತೊಡಗಿದರು, ಕೆಲವರು ಬೇಡದಿದ್ದರೂ ಕಿರುಚತೊಡಗಿದರು. ಅಕ್ಬರಸಾಬ ಬೇಸಿಗೆಯುದ್ದಕ್ಕೂ ಬಾಗಿಲಲ್ಲಿ ಕೂತು ಹಳೆಯ ಸುತ್ತಿಗೆಗಳಿಗೆ ಹಿಡಿಕೆ ಹಾಕಿದ. ಹಾಕಿದ್ದನ್ನೇ ಬಿಚ್ಚಿ ಮತ್ತೆ ಹಾಕಿದ. ಖೈರುನಬಿ ಮಾತ್ರ ಎರಡು ಸಲ ಲಕ್ಷ್ಮೇಶ್ವರಕ್ಕೆ ಹೋಗಿ ಮೊಮ್ಮಗನನ್ನು ಆಡಿಸಿ ಬಂದಳು. ಇನ್ನು ಅವಳನ್ನು ಮನೆಯಲ್ಲಿ ಕಟ್ಟಿಹಾಕುವಂಥದ್ದು ಏನೂ ಉಳಿದಿರಲಿಲ್ಲ.

ಬೇಸಿಗೆ ಮುಗಿದು ಮಿರಗದ ಮಳೆ ಹಿಡಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಯಂಕಪ್ಪ ಬಂದ. ಮುಖ ಇನ್ನೂ ಬಿಗಿದೇ ಇತ್ತು. ಖಾಕಿ ಕಾಗದದ ಪೊಟ್ಟಣವೊಂದನ್ನು ನೆಲದ ಮೇಲಿಟ್ಟು, ಅಕ್ಬರಸಾಬನಿಗೆ ಕಾಣುವಂತೆ ಎದುರಿಗೆ ಕೂತು, ನಿಧಾನವಾಗಿ ತುಟಿಯಾಡಿಸಿ ಹೇಳಿದ. ಪ್ರದರ್ಶನದಲ್ಲಿ ವಿಶಾಲ ಆ ಎರಡೂ ಬಳೆ ಹಾಕಿಕೊಂಡೇ ಹೋಗಿದ್ದನಂತೆ. ಕೇಳಿದವರಿಗೆಲ್ಲ, ಇವೆರಡೂ ಹೊಸವು, ಬೆಟಗೇರಿಯಲ್ಲಿ ಮಾಡಿಸಿದ್ದು, ಹಳೆಯದು ಇಲ್ಲಿದೆ ನೋಡಿ ಎಂದು ಹಸಿರು ಅರಿವೆ ಬಿಚ್ಚಿ ತೋರಿಸಿದನಂತೆ. ಅಲ್ಲಿ ಬಳೆ ಕಂಡು ಮೆಚ್ಚಿದ ಗೆಳೆಯನೊಬ್ಬನದು ಈ ಪೊಟ್ಟಣ. ವಿಶಾಲನೇ ಕಳಿಸಿದ್ದಾನೆ, ಒಂದು ಷರತ್ತು ಹಾಕಿ ಕಳಿಸಿದ್ದಾನೆ.

“ಚಾಚಿ ಬಡದು ಕೇಳಿ ಹೇಳಿದ ಮ್ಯಾಲೆನ ಬೆಂಕಿಗೆ ಹಿಡೀಬೇಕಂತ.”

ಖೈರುನಬಿ ಅಡಿಗೆ ಖೋಲಿಯ ಬಾಗಿಲಲ್ಲೇ ನಿಂತಿದ್ದಳು, ಯಂಕಪ್ಪನ ಬೆನ್ನ ಹಿಂದೆ, ತನ್ನ ಜಾಗದಲ್ಲಿ. ಆಮೇಲೆ ಯಂಕಪ್ಪನನ್ನು ದಾಟಿ ಮುಂದೆ ಬಂದು, ಗಂಡನ ಪಕ್ಕದಲ್ಲಿ ಕೂತು, ಅವನ ಕೈಯಿಂದ ಸುತ್ತಿಗೆ ತೆಗೆದುಕೊಂಡಳು. ಪೊಟ್ಟಣದಲ್ಲಿದ್ದದ್ದು ಬಾನೆಟ್ಟಿನ ಮೇಲೆ ಕೂರುವ ಒಂದು ಹಕ್ಕಿ, ರೆಕ್ಕೆ ಮುರಿದದ್ದು. ಅಂಚಿನಲ್ಲಿ ಅದೇ ಕೆಂಪು ಹಳದಿ ಇಣುಕುತ್ತಿತ್ತು. ಅವಳು ಬಡಿದಳು. ಮಗ್ಗದ ಸದ್ದಿನಲ್ಲಿ ಸರಿಯಾಗಿ ತಿಳಿಯಲಿಲ್ಲವೋ ಏನೋ, ಕಿವಿಯ ಹತ್ತಿರ ಹಿಡಿದು ಮತ್ತೆ ಬಡಿದಳು. ಆಮೇಲೆ ಗಂಡನ ಕಿವಿಗೆ ಬಾಯಿ ಹಚ್ಚಿ, ಏಳು ವರ್ಷ ತುಟಿಯಲ್ಲೇ ಆಡಿದವಳು, ಓಣಿಗೆ ಕೇಳುವ ಹಾಗೆ ಕೂಗಿದಳು.

“ಇದು ಜಸ್ತ ಐತ್ರಿ. ಬೆಂಕಿಗೆ ಹಿಡೀಬ್ಯಾಡ್ರಿ.”

ಪಕ್ಕದ ಶೆಡ್ಡಿನಲ್ಲಿ ಯಾರೋ ಮಗ್ಗ ನಿಲ್ಲಿಸಿ ಇಣುಕಿದರು. ಅಕ್ಬರಸಾಬನಿಗೆ ಅವಳ ದನಿ ಕೇಳಿಸಿತು, ದೂರದಿಂದ ಬಂದ ಹಾಗೆ, ಆದರೆ ಅವಳದೇ ದನಿ. ಅವನು ಕಣ್ಣು ಅರೆಮುಚ್ಚಲಿಲ್ಲ, ತಲೆ ವಾಲಿಸಲಿಲ್ಲ. ಸೀಸದ ಕಡ್ಡಿ ತೆಗೆದುಕೊಂಡು ಪೊಟ್ಟಣದ ಕಾಗದದ ಮೇಲೆ ಬರೆದ: ಜಸ್ತ. ಕೇಳಿದವರು ಖೈರುನಬಿ.